ಚಪ್ಪಟೆ ಗಾಜಿನ ಕಾಲ

ಹಳೆಯ ಪಿಕಪ್‌ ಒಂದನ್ನು ಮತ್ತೆ ರಸ್ತೆಗಿಳಿಸುವವರು ಎಂಜಿನ್ನಿಗೆ ಕೊಡುವಷ್ಟು ಗಮನವನ್ನು ಗಾಜಿಗೆ ಕೊಡುವುದಿಲ್ಲ. ಆದರೆ ಗಾಡಿಯ ವಯಸ್ಸು ಹೇಳುವುದು ಗಾಜೇ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪಿನ ಮುಂಗಾಜು ಚಪ್ಪಟೆ. ಅದೇ ಕಾಲದ ವಿಲ್ಲೀಸ್ ಪಿಕಪ್‌ನದು ಎರಡು ಚಪ್ಪಟೆ ತುಂಡು. ಒಡೆದರೆ ಕಾರ್ಖಾನೆಗೆ ಬರೆಯಬೇಕಿಲ್ಲ. ಹಳೆಯದನ್ನು ಅಳತೆಗಿಟ್ಟು ಮಾಗಡಿ, ಕನಕಪುರದಂಥ ಊರಿನ ಗಾಜಿನಂಗಡಿಯಲ್ಲೇ ಕೊಯ್ಸಬಹುದು. ಬಾಗಿದ ಗಾಜು ಬಂದ ಮೇಲೆ ಈ ಸ್ವಾತಂತ್ರ್ಯ ಹೋಯಿತು.

ಅಪಾಯ ಇರುವುದೂ ಅಲ್ಲೇ. ಮನೆ ಕಿಟಕಿಯ ಸಾದಾ ಗಾಜು ಒಡೆದರೆ ಚೂರಿಯಾಗುತ್ತದೆ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್‌ ಪಡೆದ ಪದರಗಾಜಿನಲ್ಲಿ ಎರಡು ಗಾಜಿನ ನಡುವಿನ ಪೊರೆ ಚೂರುಗಳನ್ನು ಹಿಡಿದಿಡುತ್ತದೆ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಸುರಕ್ಷಾ ಗಾಜನ್ನೇ ಕೇಳುತ್ತವೆ. ಪದರಗಾಜನ್ನು ಕೊಯ್ಯಬಹುದು, ಟಫನ್ಡ್‌ ಗಾಜನ್ನು ಕೊಯ್ಯಹೊರಟರೆ ಪೂರ್ತಿ ಕಾಳುಕಾಳು. ‘ಮೂಲದಂತೆಯೇ ಇರಲಿ’ ಎಂದು ಸಾದಾ ಗಾಜು ಕೂರಿಸುವುದು ನನಗಂತೂ ಇತಿಹಾಸಪ್ರೀತಿ ಅನ್ನಿಸುವುದಿಲ್ಲ.

ಕೂರಿಸುವ ಕೆಲಸ ಮಾತ್ರ ನೋಡಲು ಚೆಂದ. ಗಾಜಿಗೆ ರಬ್ಬರ್‌ ಬೀಡಿಂಗ್‌ ತೊಡಿಸಿ, ಅದರ ಹೊರಸಂದಿಯಲ್ಲಿ ಸುತ್ತಲೂ ದಾರ ಇಟ್ಟು, ಎರಡೂ ತುದಿಗಳನ್ನು ಕೆಳಗಡೆ ನಡುವಿನಲ್ಲಿ ಇಳಿಬಿಡುತ್ತಾರೆ. ಸೋಪುನೀರು ಸವರಿ ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಒತ್ತಿದಂತೆ ಒಳಗಿನವರು ದಾರ ಎಳೆಯುತ್ತಾರೆ. ರಬ್ಬರಿನ ತುಟಿ ತಗಡಿನ ಅಂಚು ದಾಟಿ ಒಳಗೆ ಮಗುಚಿಕೊಳ್ಳುತ್ತದೆ. ಸ್ಕ್ರೂಡ್ರೈವರ್‌ ಬೇಡ, ಗಾಜಿನ ಅಂಚಿಗೆ ತಾಗಿದರೆ ಬಿರುಕು. ಮರದ ಚಪ್ಪಟೆ ಕಡ್ಡಿ ಸಾಕು, ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರದ್ದಾದರೂ ಸರಿ.

ರಾಮನಗರದ ಪಕ್ಕದ ಬಿಡದಿಯಲ್ಲಿ 1999ರಿಂದ ಟೊಯೊಟಾ ಕಾರ್ಖಾನೆ ಇದೆ. ಈಗಿನ ಕಾರುಗಳ ಮುಂಗಾಜು ದಾರಕ್ಕೆ ಬಗ್ಗುವುದಿಲ್ಲ. ಅಂಟು ಹಾಕಿ ಕೂರಿಸಿರುತ್ತಾರೆ, ತೆಗೆಯಬೇಕಾದರೆ ತಂತಿಯಿಂದ ಆ ಅಂಟನ್ನು ಕೊಯ್ಯಬೇಕು.