ಹಲ್ಲಿಗೆ ಕ್ಲಿಪ್: ಮಕ್ಕಳಿಗೆ ಯಾವಾಗ? ದೊಡ್ಡವರಿಗೂ ಸಾಧ್ಯವೇ?

ಮುಂಬೈ: ಉಬ್ಬು ಹಲ್ಲು, ಒಂದರ ಮೇಲೊಂದು ಏರಿದ ಹಲ್ಲುಗಳನ್ನು ಸಾಲಿಗೆ ತರುವುದೇ ಆರ್ಥೊಡಾಂಟಿಕ್ ಚಿಕಿತ್ಸೆ. ಇದು ಬರೀ ಅಂದದ ಮಾತಲ್ಲ. ವಕ್ರ ಹಲ್ಲುಗಳ ಸಂದಿಗೆ ಬ್ರಷ್ ತಲುಪದೆ ಹುಳುಕು ಹೆಚ್ಚಬಹುದು. ಮುಂಚಾಚಿದ ಹಲ್ಲಿಗೆ ಬಿದ್ದಾಗ ಪೆಟ್ಟೂ ಬೇಗ.

ಮಕ್ಕಳಿಗೆ ಯಾವಾಗ?
7ನೇ ವಯಸ್ಸಿನೊಳಗೆ ಒಮ್ಮೆ ತಪಾಸಣೆ ಮಾಡಿಸುವುದು ಒಳಿತು. ಎಲ್ಲರಿಗೂ ಆಗಲೇ ಕ್ಲಿಪ್ ಬೇಕಿಲ್ಲ. ಆದರೆ ದವಡೆಯ ಬೆಳವಣಿಗೆಯಲ್ಲಿ ದೋಷವಿದ್ದರೆ ಬೆಳೆಯುವ ವಯಸ್ಸಿನಲ್ಲೇ ತಿದ್ದುವುದು ಸುಲಭ. ಹೆಚ್ಚಿನವರಿಗೆ ಹಾಲುಹಲ್ಲು ಬಿದ್ದ ಮೇಲೆ ಕ್ಲಿಪ್ ಹಾಕುತ್ತಾರೆ.

ದೊಡ್ಡವರಿಗೆ?
ವಯಸ್ಸು ಅಡ್ಡಿಯಲ್ಲ, ಒಸಡು, ಮೂಳೆ ಆರೋಗ್ಯವಾಗಿರಬೇಕು. ದವಡೆಯ ದೋಷ ತೀವ್ರವಾಗಿದ್ದರೆ ಶಸ್ತ್ರಚಿಕಿತ್ಸೆಯೂ ಬೇಕಾದೀತು.

ಎಷ್ಟು ಸಮಯ?
ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಕೆಲವು ವಾರಗಳಿಗೊಮ್ಮೆ ವೈದ್ಯರ ಭೇಟಿ ತಪ್ಪದು. ಕ್ಲಿಪ್ ತೆಗೆದ ಬಳಿಕ ರಿಟೇನರ್ ಹಾಕದಿದ್ದರೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಸರಿಯಬಹುದು.

ಮುಂಬೈಯಲ್ಲಿ ಎಲ್ಲಿ?
ಮುಂಬೈ ಸೆಂಟ್ರಲ್‌ನಲ್ಲಿರುವ ಪಾಲಿಕೆಯ ನಾಯರ್ ಆಸ್ಪತ್ರೆ ದಂತ ಕಾಲೇಜು, ಸಿಎಸ್‌ಎಂಟಿ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲಿ ಈ ವಿಭಾಗವಿದೆ. ಖಾಸಗಿಗಿಂತ ಖರ್ಚು ಕಡಿಮೆ. ಉಪನಗರದವರು ಪ್ರತಿ ಭೇಟಿಯ ಲೋಕಲ್ ರೈಲು ಪ್ರಯಾಣ, ಶಾಲೆ-ಕಚೇರಿಯ ರಜೆಯನ್ನೂ ಮೊದಲೇ ಲೆಕ್ಕ ಹಾಕಲಿ. ಅರ್ಧಕ್ಕೆ ಬಿಟ್ಟರೆ ಹಣವೂ ಹೋಯಿತು, ಹಲ್ಲೂ ನೆಟ್ಟಗಾಗದು.