ತೋಟಕ್ಕೆ ಬಿದ್ದ ಹಾಳೆ: ಹೆಕ್ಕಿ ತಂದ ಕಲೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಹಣ್ಣಾದ ಸೋಗೆ ಬುಡದ ಹಾಳೆಯೊಂದಿಗೆ ತಾನಾಗಿ ಕಳಚಿ ಬೀಳುತ್ತದೆ. ಸೋಗೆ ಮಾಡಿಗೆ, ಗೊಬ್ಬರಕ್ಕೆ, ಹಾಳೆ ಕೈಗೆಲಸಕ್ಕೆ.

ಹದ
ಮಳೆಗಾಲದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೆಕ್ಕಿ, ಒಣಗಿಸಿ ಇಡುತ್ತಾರೆ. ನೀರಲ್ಲಿ ನೆನೆಸಿದರೆ ಒಣ ಹಾಳೆ ಮತ್ತೆ ಬಾಗುತ್ತದೆ. ಮಡಿಸಿ, ಹೊಲಿದು ಅಥವಾ ಬಿದಿರು ಕಡ್ಡಿ ಚುಚ್ಚಿ ಒಣಗಿಸಿದರೆ ಕೊಟ್ಟ ಆಕಾರ ನಿಲ್ಲುತ್ತದೆ.

ಬಳಕೆ
ಕೆಲಸದವರ ತಲೆಗೆ ಹಾಳೆಟೊಪ್ಪಿ, ಸೆಕೆಗೆ ಬೀಸಣಿಗೆ, ಊಟಕ್ಕೆ ದೊನ್ನೆ. ಮಕ್ಕಳಿಗೆ ಸೋಗೆ ಸಮೇತದ ಹಾಳೆಯೇ ಗಾಡಿ: ಒಬ್ಬರು ಹಾಳೆಯ ಮೇಲೆ ಕೂತರೆ, ಇನ್ನೊಬ್ಬರು ಸೋಗೆ ಹಿಡಿದು ಎಳೆಯುತ್ತಾರೆ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹಾಳೆ ಅಥವಾ ಕರಡ ಹುಲ್ಲಿನ ಕೊಟ್ಟೆ (ಹೊದಿಕೆ) ಕಟ್ಟುವ ರೂಢಿಯಿತ್ತು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಅಧ್ಯಯನ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ಹಬ್ಬಿದಂತೆ ಕೊಟ್ಟೆ ಕಟ್ಟುವ ಕೆಲಸ ಹಿಂದೆ ಸರಿಯಿತು.

ಬಣ್ಣ
ಕೇರಳದ ಪಡೆಯಣಿ ಎಂಬ ಆಚರಣೆಯಲ್ಲಿ ಹಸಿ ಹಾಳೆಯೇ ದೇವತೆಯ ಮುಖ. ಹೊರಸಿಪ್ಪೆಯೇ ಹಸಿರು, ಅದನ್ನು ಹೆರೆದರೆ ಬಿಳುಪು. ಕಪ್ಪಿಗೆ ಮಸಿ, ಕೆಂಪಿಗೆ ಕೆಂಪುಕಲ್ಲು, ಹಳದಿಗೆ ಅರಿಸಿನ.

ಇಂದು
ಬಿಸಿ ಅಚ್ಚಿನ ಯಂತ್ರ ಹಾಳೆಯನ್ನು ಒತ್ತಿ ತಟ್ಟೆ, ಬಟ್ಟಲು ಮಾಡುತ್ತದೆ. ಅಂಟಾಗಲಿ ಬಣ್ಣವಾಗಲಿ ಬೇಕಿಲ್ಲ. ಮೇಲ್ಮೈಯ ಗೆರೆಗಳು ಹಾಳೆಯದೇ ನಾರು. ಆದ್ದರಿಂದ ಒಂದು ತಟ್ಟೆಯಂತೆ ಇನ್ನೊಂದಿರುವುದಿಲ್ಲ.