ಸಂವಹನ
ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಆ ದಂಡೆಯಲ್ಲಿ ಕಾಣುವ ‘ಪ್ರವಾಹ’ಕ್ಕೂ ಪತ್ರಿಕೋದ್ಯಮದ ತರಗತಿಯಲ್ಲಿ ಕೇಳುವ ‘ಸಂವಹನ’ಕ್ಕೂ ಬೇರು ಒಂದೇ: ಸಂಸ್ಕೃತದ ‘ವಹ್’. ಹೊರು, ಒಯ್ಯು ಎಂದರ್ಥ. ವಾಹನ, ನಿರ್ವಹಣೆ, ವಿವಾಹ ಎಲ್ಲ ಇದೇ ಬಳಗ. ‘ಸಂ’ ಎಂದರೆ ಜೊತೆಗೂಡಿ.

ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಕಾದಂಬರಿಕಾರ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, 1869–1942) ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಮಾರಿದವರು. ಸಂವಹನ ಎಂದರೆ ಹೊರುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಹೊರುವ ಕೆಲಸ ಯಂತ್ರದ ಪಾಲಿಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ, ಯಂತ್ರಕ್ಕೆ ಮಾತು ಕಲಿಸಲೆಂದು, ಜಿಲ್ಲೆ ಜಿಲ್ಲೆಯ ಜನರ ಮಾತನ್ನು ದಾಖಲಿಸುತ್ತದೆ. ಬರೆದದ್ದನ್ನು ಓದಿಸುವುದಿಲ್ಲ, ಚಿತ್ರ ತೋರಿಸಿ ಮಾತಾಡಿಸುತ್ತಾರೆ. ಈ ಕ್ರಮ ನನಗೆ ಬಹಳ ಹಿಡಿಸಿತು. ಕಣದ ತುಂಬ ಹರಡಿದ ಕೆಂಪು ಮೆಣಸಿನಕಾಯಿಯ ಚಿತ್ರ ಹಿಡಿದರೆ ಬ್ಯಾಡಗಿಯ ಅಜ್ಜಿ ‘ಮೆಣಸಿನಕಾಯಿ ಒಣಾಕ ಹಾಕ್ಯಾರ’ ಅನ್ನುತ್ತಾಳೆಯೇ ಹೊರತು ‘ಒಣಗಲು ಹಾಕಿದ್ದಾರೆ’ ಎನ್ನುವುದಿಲ್ಲ. ಆ ‘ಹಾಕ್ಯಾರ’ ತಿಳಿಯದ ಯಂತ್ರ ಅವಳ ಮಾತನ್ನು ಎಲ್ಲಿಗೂ ಒಯ್ಯಲಾರದು.

ಆಡುಮಾತಿನಲ್ಲಿ ಸಂವಹನ ಎಂಬ ಪದ ಅಷ್ಟಾಗಿ ಇಲ್ಲ. ‘ಸುದ್ದಿ ಮುಟ್ಟಿಸು’ ಎನ್ನುತ್ತಾರೆ. ‘ಮುಟ್ಟು’ ಅಚ್ಚಗನ್ನಡದ ಕ್ರಿಯಾಪದ: ತಲುಪುವುದೂ ಅದೇ, ಸ್ಪರ್ಶಿಸುವುದೂ ಅದೇ. ರಾಣೇಬೆನ್ನೂರಿನ ಕಡೆ ಫೋನಿನಲ್ಲಿ ಈಗಲೂ ಕೇಳುವುದು, ‘ಸುದ್ದಿ ಮುಟ್ಟಿತೇನ್ರಿ?’